ಬೇರೆ ರಾಶಿ

ಪ್ರಶಸ್ತಿಪತ್ರದಲ್ಲಿ ಹೆಸರಿಗೆ ಬಿಟ್ಟ ಜಾಗ ಚಿಕ್ಕದು.
ಮೆಲೆನಾಯ್ಟೆ ಎಂದು ಒತ್ತಿದರೆ
ಮೆಲೆನಾ ಎಂದಷ್ಟೇ ಬಂತು.
ಹದಿನಾಲ್ಕು ವರ್ಷ ದುಡಿದವಳ ಹೆಸರು
ಬಾಲ ಕಳಚಿದ ಹಲ್ಲಿಯಂತೆ
ದಪ್ಪ ಕಾಗದಕ್ಕೆ ಅಂಟಿಕೊಂಡಿತ್ತು.
ತಪ್ಪು ನನ್ನದು. ನಾನು ಕಚೇರಿಯವಳು.
ಸಂಬಳದ ಪಟ್ಟಿ, ರಜೆಯ ಅರ್ಜಿ,
ವರ್ಷಕ್ಕೊಂದು ಸಲ ಕೃತಜ್ಞತೆ.

ಓಮರೂ ಊರಿನ ಬಿಳಿಕಲ್ಲಿನ ಬೀದಿ ಮುಗಿದು
ಕಡಲಿಗೆ ಇಳಿಯುವಲ್ಲಿ ನಮ್ಮ ಮನೆ;
ಮನೆ ಅನ್ನುತ್ತೇವೆ,
ನಲವತ್ತೆರಡು ಹಾಸಿಗೆ, ನಲವತ್ತೆರಡು ಕರೆಗಂಟೆ.

ಬೆಳಿಗ್ಗೆ ಹತ್ತಕ್ಕೆ ಸಮಾರಂಭ.
ಅಧ್ಯಕ್ಷರು ಎದ್ದು ನಿಂತು
'ನೀವೇ ನಮ್ಮ ಬೆನ್ನೆಲುಬು' ಅಂದಾಗ
ಲಾಂಡ್ರಿಯ ಲೀಗಾಯ
ಸೊಂಟದ ಪಟ್ಟಿಯನ್ನು ತುಸು ಬಿಗಿದುಕೊಂಡಳು.
ಮುರ್ಡೊ, ಎಂಬತ್ತೊಂದರ ಸ್ವಯಂಸೇವಕ,
ಇಲ್ಲಿರುವ ಅರ್ಧ ಜನಕ್ಕಿಂತ ಹಿರಿಯ,
ಹಿಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವನು,
ಭಾಷಣದ ನಡುವೆಯೇ ಪಕ್ಕದ ಮುದುಕಿಯ
ಕಿವಿಯ ಮಿಷನ್ನು ಬಿಚ್ಚಿ ಸೆಲ್ ಬದಲಿಸಿದ.
ಅವಳಿಗೆ ಎಲ್ಲ ಸ್ಪಷ್ಟವಾಗಿ ಕೇಳಿಸಿತು.
ಎರಡು ನಿಮಿಷ ಕೇಳಿ,
ತಾನೇ ಆರಿಸಿಬಿಟ್ಟಳು.

ರಾತ್ರಿಪಾಳಿಯವರು ಏಳೂಕಾಲಿಗೇ ಮನೆಗೆ ಹೋಗಿದ್ದರು.
ಅವರ ಪಾಲಿನ ಕೇಕು ಫ್ರಿಜ್ಜಿನಲ್ಲಿ,
ಮೇಲೊಂದು ಚೀಟಿ: ರಾತ್ರಿಯವರಿಗೆ.
ಪ್ರತಿ ವರ್ಷವೂ ಹೀಗೇ.
ಸಂಜೆಯೊಳಗೆ ಯಾರೋ ತಿಂದಿರುತ್ತಾರೆ.
ಒಂದು ವರ್ಷ ನಾನೇ.

ಈ ಸಲ ಹೊಸ ಕಾಗದದಲ್ಲಿ
ಕೈಯಾರೆ ಪೂರ್ತಿ ಹೆಸರು ಬರೆದು
ಕೇಕಿನ ಡಬ್ಬಿಯನ್ನೂ ಹಿಡಿದು
ರಾತ್ರಿ ಎರಡೂವರೆಗೆ ಹೋದೆ.
ಬಂದರಿನ ಕಲ್ಲುಸಂದಿಯಲ್ಲಿ ನೀಲಿ ಪೆಂಗ್ವಿನ್‌ಗಳು
ಇನ್ನೂ ಜಾಗಕ್ಕಾಗಿ ಜಗಳ ಕಾಯುತ್ತಿದ್ದವು.

ಒಳಗೆ ಟ್ರೆಲೋರ್ ಎದ್ದು ಕೂತಿದ್ದ.
ನಲವತ್ತು ವರ್ಷ ಉಣ್ಣೆಯ ದರ್ಜೆ ಹೇಳಿದವನು.
ಹೆಂಡತಿಯ ಹೆಸರು ಹೋಗಿದೆ, ಊರಿನದೂ ಹೋಗಿದೆ,
ಹೆಬ್ಬೆರಳಿಗೂ ತೋರುಬೆರಳಿಗೂ ಮಾತ್ರ
ಎಲ್ಲ ನೆನಪಿದೆ.
ಕತ್ತರಿಸುವವರು ಬಂದರು, ಕೆಲಸಕ್ಕೆ ಹೊತ್ತಾಯಿತು
ಎಂದು ಅವನು ದಿನಾ ಈ ಹೊತ್ತಿಗೆ ಏಳುತ್ತಾನಂತೆ.
ಮಲಗಿ, ಇದು ರಾತ್ರಿ, ಅನ್ನಲಿಲ್ಲ ಮೆಲೆನಾಯ್ಟೆ.
ಒಗೆದ ಟವೆಲ್ಲುಗಳ ಬುಟ್ಟಿಯನ್ನು
ಅವನ ಮುಂದೆ ತಂದಿಟ್ಟಳು.
ಅವನ ಆರೈಕೆಯ ಕಡತ ನಾನು ಓದಿದ್ದೇನೆ,
ಅದರಲ್ಲಿ ಈ ಬುಟ್ಟಿ ಇಲ್ಲ.

ಒಂದೊಂದನ್ನೇ ತಿಕ್ಕಿ ನೋಡಿ
ಇದು ಈ ರಾಶಿಗೆ, ಇದು ಆ ರಾಶಿಗೆ.
ನನ್ನ ಕೈಯ ಪ್ರಶಸ್ತಿಪತ್ರವನ್ನೂ ತೆಗೆದುಕೊಂಡ.
ಮೂಲೆ ಉಜ್ಜಿದ.
'ಜೀವ ಇಲ್ಲ ಇದರಲ್ಲಿ'
ಎಂದು ನೆಲಕ್ಕೆ ಹಾಕಿದ.
ಆಮೇಲೆ ಅವಳ ಕೈ ಸಿಕ್ಕಿತು.
ದಿನಕ್ಕೆ ಅರವತ್ತು ಸಲ ತೊಳೆದು
ಗೆಣ್ಣುಗಳಲ್ಲಿ ಬಿರಿದ ಕೈ.
ದೀಪದ ಕಡೆ ತಿರುಗಿಸಿ,
ಅಂಗೈಯನ್ನು ಹೆಬ್ಬೆರಳಿನಿಂದ ಒತ್ತಿ,
ಬಹಳ ಹೊತ್ತು ಸುಮ್ಮನಿದ್ದ.
'ಇದನ್ನು ಬೇರೆ ಇಡು,' ಅಂದ,
ಅವಳಿಗಲ್ಲ, ನನಗೆ.
'ಇದರ ಲೆಕ್ಕವೇ ಬೇರೆ.'

ಅವಳು ನಕ್ಕಳು. ಒಂಬತ್ತನೇ ಕೋಣೆಯ ಗಂಟೆ ಬಾರಿಸಿತು.
ಬೆರಳು ಬೆರಳಾಗಿ ಕೈ ಬಿಡಿಸಿಕೊಂಡು
ಆ ಜಾಗಕ್ಕೊಂದು ಟವೆಲ್ಲು ಕೊಟ್ಟು
ಹೋದಳು.
ಕೇಕು ಡಬ್ಬಿಯಲ್ಲೇ ಇತ್ತು.

ಸೋಮವಾರ ಸಂಬಳದ ಪಟ್ಟಿ ತೆಗೆದೆ.
ರಾತ್ರಿಯವರು ಬೆಳಗಿನವರಿಗೆ
ಯಾರು ಉಂಡರು, ಯಾರು ಅತ್ತರು,
ಯಾರ ಕಾಲು ಬಾತಿದೆ ಎಂದು ಹೇಳಿ ಹೊರಡುವ
ಆ ಕಾಲು ಗಂಟೆ
ಯಾವ ಲೆಕ್ಕದಲ್ಲೂ ಇಲ್ಲ.
ನನಗೆ ಗೊತ್ತಿತ್ತು.
ವಾರಕ್ಕೆ ನಾಲ್ಕು ರಾತ್ರಿ, ರಜೆ ಕಳೆದು, ಹದಿನಾಲ್ಕು ವರ್ಷ:
ಆರುನೂರ ಎಪ್ಪತ್ತೆರಡು ಗಂಟೆ.
ಹೆಸರಿಗೆ ಧಾರಾಳ ಜಾಗ ಬಿಟ್ಟು
ಅಧ್ಯಕ್ಷರಿಗೆ ಬರೆದು ಕಳಿಸಿದೆ.

ಉತ್ತರ ಇನ್ನೂ ಬಂದಿಲ್ಲ.
ಲಾಂಡ್ರಿಯ ಮೇಜಿನ ಮೇಲೆ
ಟ್ರೆಲೋರ್ ಮಾಡಿದ ಎರಡು ರಾಶಿ
ಹಾಗೇ ಇವೆ.
ಲೀಗಾಯ ಅವನ್ನು ಕಲೆಸುವುದಿಲ್ಲ.